ಹಳೇ ಕಾರಿಗೆ ದೊಡ್ಡ ಟೈರು: ಕೊಳ್ಳೋ ಮೊದಲು ಒಂದು ಲೆಕ್ಕ



ನಮ್ಮ ಮನೂರ್, ನಾರಾಯಣಖೇಡ್, ಜಹೀರಾಬಾದ್, ತಾಂಡೂರ್ ಕಡೆ ಇವತ್ತಿಗೂ ಹಳೇ ಮಾರುತಿ 800 ಕಾರುಗಳು ಓಡ್ತಾವೆ. 1983ರಲ್ಲಿ ಶುರುವಾದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದ್ರೆ ನಿಂತದ್ದು ಕಾರ್ಖಾನೆ, ಗಾಡಿ ಅಲ್ಲ. ಮೂರನೇ ಮಾಲೀಕ, ನಾಲ್ಕನೇ ಮಾಲೀಕ ಅಂತ ಕೈ ಬದಲಾಗುತ್ತ ಹಳ್ಳಿಗೆ ಬಂದು, ಈಗ ಸಂತೆಗೂ ಆಸ್ಪತ್ರೆಗೂ ಜಾತ್ರೆಗೂ ಅದೇ ಗಾಡಿ. ಮಳೆಗಾಲ ಮುಗಿದ ಮೇಲೆ ರಸ್ತೆಯ ತಗ್ಗುಗಳಲ್ಲಿ ಅದರ ತಳ ಬಡಿಯುತ್ತದೆ. ಆಗ ಟೈರ್ ಅಂಗಡಿಯಲ್ಲಿ ಒಂದು ಸಲಹೆ ಸಿಗುತ್ತದೆ: "ಹೆಂಗೂ ಟೈರ್ ಸವದಾವ, ಈ ಸಲ ಆಲ್ಟೋ ಸೈಜ್ ಹಾಕ್ಸಿಬಿಡ್ರಿ. ರಿಮ್ ಅದೇ ನಡೀತದ, ಗಾಡಿ ಮ್ಯಾಲೆ ಬರ್ತದ, ತಳ ಬಡಿಯಂಗಿಲ್ಲ."

ಈ ಸಲಹೆ ಸರಿಯೋ ತಪ್ಪೋ ಅಂತ ನಿರ್ಧರಿಸಲು ಮೆಕ್ಯಾನಿಕ್ ಆಗಿರಬೇಕಾಗಿಲ್ಲ. 8, 9, 10ನೇ ತರಗತಿಗಳಲ್ಲಿ ನೀವು ಕಲಿತ ಪರಿಧಿ, ಚಲನೆ, ಘರ್ಷಣೆ ಇಷ್ಟೇ ಸಾಕು. ಬೇಕಾದ ಅಳತೆಗಳೆಲ್ಲ ಟೈರಿನ ಮೇಲೇ ಅಚ್ಚಾಗಿರ್ತವೆ.

ಟೈರಿನ ಪಕ್ಕೆಯಲ್ಲಿರುವ ಸಂಖ್ಯೆ

ಮಾರುತಿ 800ರ ಟೈರಿನ ಪಕ್ಕೆಯಲ್ಲಿ 145/70 ಆರ್ 12 ಅಂತ ಬರೆದಿರುತ್ತದೆ. ಇದನ್ನು ಓದೋದು ಹೀಗೆ. 145 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಅಂದ್ರೆ ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ಅಗಲದ ಶೇಕಡಾ 70ರಷ್ಟು ಪಕ್ಕೆಯ ಎತ್ತರ ಇದೆ ಅಂತ ಅರ್ಥ. ಪಕ್ಕೆಯ ಎತ್ತರ ಅಂದ್ರೆ ರಿಮ್ಮಿನ ಅಂಚಿನಿಂದ ನೆಲಕ್ಕೆ ತಾಗುವ ಮೈಯವರೆಗಿನ ರಬ್ಬರ್ ಗೋಡೆ. 12 ಅಂದ್ರೆ ರಿಮ್ಮಿನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ್ದಾರೆ! ಪರೀಕ್ಷೆಯಲ್ಲಿ ನೀವು ಹಿಂಗೆ ಏಕಮಾನ ಬೆರೆಸಿ ಬರೆದರೆ ನಾವು ಅಂಕ ಕತ್ತರಿಸ್ತೀವಿ. ಜಗತ್ತಿನ ಟೈರ್ ಕಂಪನಿಗಳಿಗೆ ಯಾರೂ ಕತ್ತರಿಸಲಿಲ್ಲ.

ನಡುವಿನ 'ಆರ್' ಅಂದ್ರೆ ರೇಡಿಯಲ್. ರಬ್ಬರಿನ ಒಳಗಿರುವ ನೂಲಿನ ಪದರ ಚಕ್ರದ ತ್ರಿಜ್ಯದ ದಿಕ್ಕಿನಲ್ಲಿ ಹಾಯ್ದಿದೆ ಅಂತ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಅದರ ಪಕ್ಕದಲ್ಲಿ 69 ಎಸ್, 74 ಟಿ ಎಂಬಂಥ ಇನ್ನೊಂದು ಗುರುತೂ ಇರುತ್ತದೆ. 69 ಅಂದ್ರೆ ಆ ಒಂದು ಟೈರು 325 ಕಿಲೋ ಹೊರಬಲ್ಲದು, 74 ಅಂದ್ರೆ 375 ಕಿಲೋ. ಎಸ್ ಅಂದ್ರೆ ಗಂಟೆಗೆ 180 ಕಿ.ಮೀ. ವೇಗದವರೆಗೆ, ಟಿ ಅಂದ್ರೆ 190ರವರೆಗೆ ತಾಳುವ ಟೈರು. ಟೈರ್ ಬದಲಿಸುವಾಗ ಈ ಭಾರದ ಸಂಖ್ಯೆ ಮೊದಲಿದ್ದದ್ದಕ್ಕಿಂತ ಕಡಿಮೆ ಆಗಬಾರದು. ಹೆಚ್ಚಾದರೆ ಅಡ್ಡಿಯಿಲ್ಲ.

ಈಗ ಮೊದಲ ಲೆಕ್ಕ. ಪಕ್ಕೆಯ ಎತ್ತರ 145ರ ಶೇಕಡಾ 70, ಅಂದ್ರೆ 101.5 ಮಿ.ಮೀ. ಚಕ್ರದ ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ, ಹಾಗಾಗಿ ಎರಡರಿಂದ ಗುಣಿಸಿದರೆ 203 ಮಿ.ಮೀ. ರಿಮ್ಮಿನ ವ್ಯಾಸ 12 ಇಂಚು, ಅಂದ್ರೆ 12 × 25.4 = 304.8 ಮಿ.ಮೀ. ಎರಡನ್ನೂ ಕೂಡಿಸಿದರೆ ಚಕ್ರದ ಪೂರ್ಣ ವ್ಯಾಸ 507.8 ಮಿ.ಮೀ.

ಆಲ್ಟೋ 800ರ ಟೈರು 145/80 ಆರ್ 12. ಅಗಲ ಅದೇ, ರಿಮ್ಮೂ ಅದೇ, ಬದಲಾದದ್ದು 70ರ ಜಾಗದಲ್ಲಿ 80 ಮಾತ್ರ. ಪಕ್ಕೆಯ ಎತ್ತರ 116 ಮಿ.ಮೀ., ಎರಡು ಪಕ್ಕೆ ಸೇರಿ 232, ರಿಮ್ ಸೇರಿದರೆ 536.8 ಮಿ.ಮೀ.

ಒಂದನ್ನು ಇನ್ನೊಂದರಿಂದ ಭಾಗಿಸಿರಿ: 536.8 ÷ 507.8 = 1.057. ಹೊಸ ಚಕ್ರ ಹಳೆಯದಕ್ಕಿಂತ ಶೇಕಡಾ 5.7ರಷ್ಟು ದೊಡ್ಡದು. ಈ 1.057 ಅನ್ನೋ ಅನುಪಾತವನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿರಿ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬೇಕು.

ತಳ ಎಷ್ಟು ಮೇಲೆ ಬಂತು?

ಚಕ್ರದ ವ್ಯಾಸ 29 ಮಿ.ಮೀ. ಹೆಚ್ಚಾಗಿದೆ. ಗಾಡಿ 29 ಮಿ.ಮೀ. ಮೇಲೆ ಬಂತು ಅಂತ ಬಹಳ ಜನ ತಿಳೀತಾರೆ. ಇಲ್ಲಿ ಸ್ವಲ್ಪ ನಿಲ್ಲಿರಿ. ಗಾಡಿ ಕೂತಿರುವುದು ಚಕ್ರದ ನೆತ್ತಿಯ ಮೇಲಲ್ಲ, ನಡುವಿನ ಅಚ್ಚಿನ ಮೇಲೆ. ನೆಲದಿಂದ ಅಚ್ಚಿಗೆ ಇರುವ ದೂರ ತ್ರಿಜ್ಯ. ಆದ್ದರಿಂದ ಗಾಡಿ ಏರಿದ್ದು 14.5 ಮಿ.ಮೀ. ಮಾತ್ರ, ಒಂದೂವರೆ ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಮಿಕ್ಕ 14.5 ಮಿ.ಮೀ. ಅಚ್ಚಿನಿಂದ ಮೇಲಕ್ಕೆ, ಅಂದ್ರೆ ಮಡ್‌ಗಾರ್ಡಿನ ಕಡೆಗೆ ಹೋಗಿದೆ. ಅಲ್ಲಿ ಮೊದಲೇ ಜಾಗ ಕಡಿಮೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಿಂದೆ ಮೂರು ಜನ ಕೂತು ಗಾಡಿ ತಗ್ಗಿಗೆ ಇಳಿದಾಗ ರಬ್ಬರು ತಗಡಿಗೆ ಉಜ್ಜಬಹುದು. ಖಾಲಿ ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ ನೋಡಿದರೆ ಇದು ಗೊತ್ತಾಗೋದಿಲ್ಲ.

ದೊಡ್ಡ ಚಕ್ರ ತಗ್ಗು ದಿನ್ನೆಯನ್ನು ಸುಲಭವಾಗಿ ದಾಟ್ತದೆ ಅನ್ನೋ ಮಾತು ನಿಜ. ನಮ್ಮ ಹಳೆಯ ಎತ್ತಿನ ಬಂಡಿಯ ಮರದ ಗಾಲಿ ಅಷ್ಟು ದೊಡ್ಡದಾಗಿ ಇರ್ತಿದ್ದದ್ದು ಸುಮ್ಮನೆ ಅಲ್ಲ. 5 ಸೆಂ.ಮೀ. ಎತ್ತರದ ಕಲ್ಲು ಚಕ್ರಕ್ಕೆ ಅಡ್ಡ ಬಂತು ಅಂತ ಇಟ್ಕೊಳ್ಳಿರಿ. ಅದನ್ನು ಹತ್ತಿಸಲು ಅಚ್ಚಿಗೆ ಅಡ್ಡಡ್ಡ ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿದರೆ, 140 ಸೆಂ.ಮೀ. ವ್ಯಾಸದ ಬಂಡಿ ಗಾಲಿಗೆ ಅದರ ಮೇಲಿನ ಭಾರದ ಶೇಕಡಾ 40ರಷ್ಟು ಬಲ ಸಾಕು. ಮಾರುತಿ 800ರ ಚಕ್ರದ ಅಳತೆಗೆ ಶೇಕಡಾ 74 ಬೇಕು. ಆಲ್ಟೋ ಸೈಜ್ ಹಾಕಿದರೆ 74 ಇದ್ದದ್ದು 71 ಆಗ್ತದೆ, ಅಷ್ಟೇ. (ಚಕ್ರ ಗಟ್ಟಿ, ಅದುಮುವುದಿಲ್ಲ ಅಂತ ಭಾವಿಸಿ ಮಾಡಿದ ಲೆಕ್ಕ ಇದು. 10ನೇ ತರಗತಿಯವರು ಚಕ್ರದ ಚಿತ್ರ ಬರೆದು, ಕಲ್ಲಿನ ತುದಿಯಿಂದ ಅಚ್ಚಿಗೆ ಗೆರೆ ಎಳೆದು, ಪೈಥಾಗೊರಸ್ ಪ್ರಮೇಯ ಹಾಕಿ ನೋಡಿರಿ. ಉತ್ತರ ತಾನಾಗಿ ಬರ್ತದೆ.)

ಗಾಳಿ ಟೈರಿಗೆ ಇನ್ನೊಂದು ಅನುಕೂಲ ಇದೆ. ಅದು ಕಲ್ಲನ್ನು ಹತ್ತುವ ಮೊದಲು ತಾನೇ ಒಳಗೆ ಬಾಗಿ ಅದನ್ನು ನುಂಗಿಬಿಡ್ತದೆ. ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಗಾಲಿ ಸೈಕಲ್ಲು ಕಲ್ಲು ಹಾಸಿನ ಮೇಲೆ ಕುಲುಕದೆ ಓಡಲಿ ಅಂತ ಮಾಡಿದ ಪ್ರಯತ್ನ ಅದು. ಪಕ್ಕೆ ಎತ್ತರವಾದಷ್ಟು ಗಾಳಿ ಹೆಚ್ಚು, ಕುಲುಕಾಟ ಕಡಿಮೆ. ಇದು ದೊಡ್ಡ ಟೈರಿನ ನಿಜವಾದ ಲಾಭ. ಆದ್ರೆ ಅದೇ ಎತ್ತರದ ಪಕ್ಕೆ ತಿರುವಿನಲ್ಲಿ ಪಕ್ಕಕ್ಕೂ ಹೆಚ್ಚು ಬಾಗ್ತದೆ, ಗಾಡಿ ಜೋಲಿ ಹೊಡೆದಂಗೆ ಆಗ್ತದೆ.

ಮುಳ್ಳು ತೋರಿಸಿದ್ದು ನಿಜವೇ?

ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ತನ್ನ ಚಕ್ರದ ಪರಿಧಿಯಷ್ಟು ಮುಂದೆ ಹೋಗುತ್ತದೆ. ಪರಿಧಿ ಅಂದ್ರೆ ವ್ಯಾಸವನ್ನು 3.14ರಿಂದ ಗುಣಿಸಿದ್ದು. ಹಳೇ ಟೈರಿಗೆ ಸುಮಾರು 159.5 ಸೆಂ.ಮೀ., ಹೊಸದಕ್ಕೆ 168.6 ಸೆಂ.ಮೀ. ಒಂದು ಕಿಲೋಮೀಟರ್ ಹೋಗಲು ಹಳೇ ಟೈರು 627 ಸುತ್ತು ತಿರುಗಬೇಕು, ಹೊಸದು 593 ಸುತ್ತು ತಿರುಗಿದರೆ ಸಾಕು.

ಈಗ ಗಮನಿಸಬೇಕಾದ ಸಂಗತಿ. ಹಳೇ ಕಾರಿನ ಸ್ಪೀಡೋಮೀಟರ್ ರಸ್ತೆಯನ್ನು ನೋಡೋದಿಲ್ಲ. ಗೇರ್‌ಬಾಕ್ಸಿನಿಂದ ಒಂದು ತಿರುಗುವ ಕೇಬಲ್ ಬಂದು ಮೀಟರಿಗೆ ಸೇರಿರುತ್ತದೆ. ಆ ಕೇಬಲ್ಲಿಗೆ ಗೊತ್ತಿರೋದು ಸುತ್ತು ಮಾತ್ರ. ಕಾರ್ಖಾನೆಯಲ್ಲಿ 627 ಸುತ್ತಿಗೆ ಒಂದು ಕಿಲೋಮೀಟರ್ ಅಂತ ಅದಕ್ಕೆ ಕಲಿಸಿದ್ದಾರೆ. ನೀವು ಟೈರ್ ಬದಲಿಸಿದ್ದು ಅದಕ್ಕೆ ಯಾರೂ ಹೇಳಿಲ್ಲ. ಹಾಗಾಗಿ ಮುಳ್ಳು 60 ತೋರಿಸುವಾಗ ಗಾಡಿ 60 × 1.057 = 63.4 ಕಿ.ಮೀ. ವೇಗದಲ್ಲಿ ಇರ್ತದೆ. 80 ತೋರಿಸುವಾಗ 84.6.

"ಮೂರ್ನಾಲ್ಕು ಕಿಲೋಮೀಟರಿಗೆ ಏನಾಗ್ತದೆ ಸರ್?" ಅಂತ ಕೇಳೋರು ಸ್ವಲ್ಪ ತಡೀರಿ, ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು ಒಂದು ಮಾತು. ಸ್ಪೀಡೋಮೀಟರ್ ಬಗ್ಗೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಅಂತ ಒಂದಿದೆ. ಅದರ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೆ ನಡೆಯುತ್ತದೆ, ಕಡಿಮೆ ಮಾತ್ರ ತೋರಿಸಕೂಡದು. ಕಾರಣ ಸರಳ: ಹೆಚ್ಚು ತೋರಿಸಿದರೆ ಚಾಲಕ ನಿಧಾನ ಮಾಡ್ತಾನೆ, ಕಡಿಮೆ ತೋರಿಸಿದರೆ ಗೊತ್ತಿಲ್ಲದೇ ವೇಗವಾಗಿ ಹೋಗ್ತಾನೆ. ದೊಡ್ಡ ಟೈರು ಮುಳ್ಳನ್ನು ಆ ಕೂಡದ ದಿಕ್ಕಿಗೇ ತಳ್ಳುತ್ತದೆ. ನಿಮ್ಮ ಮನೆ ಗಾಡಿಯ ಮುಳ್ಳು ಮೊದಲೇ ಸ್ವಲ್ಪ ಹೆಚ್ಚು ತೋರಿಸ್ತಿದ್ದರೆ ತಪ್ಪು ಸ್ವಲ್ಪ ಮುಚ್ಚಿಹೋಗಬಹುದು. ಊಹೆ ಬೇಡ, ಅಳೆದೇ ನೋಡಬಹುದು.

ಅಳೆಯುವ ವಿಧಾನ ಹೀಗೆ. ಜಹೀರಾಬಾದ್ ಮೇಲೆ ಹಾಯ್ದು ಹೋಗುವ ಪುಣೆ–ಮಚಿಲಿಪಟ್ಟಣ ರಾಷ್ಟ್ರೀಯ ಹೆದ್ದಾರಿ 65ರಲ್ಲಿ (ದೊಡ್ಡವರು ಇನ್ನೂ ಒಂಬತ್ತನೇ ನಂಬರ್ ರೋಡ್ ಅಂತಾರೆ) ಕಿಲೋಮೀಟರ್ ಕಲ್ಲುಗಳಿವೆ. ಅಪ್ಪನೋ ಮಾಮನೋ ಗಾಡಿ ನಡೆಸುವಾಗ ನೀವು ಪಕ್ಕದಲ್ಲಿ ಕೂತು, ಒಂದು ಕಲ್ಲಿನ ಹತ್ತಿರ ಮೀಟರಿನ ಅಂಕಿ ಬರೆದುಕೊಳ್ಳಿರಿ. 20 ಕಲ್ಲು ದಾಟಿದ ಮೇಲೆ ಮತ್ತೆ ಬರೆಯಿರಿ. ಮೊದಲು ಸರಿಯಾಗಿದ್ದ ಮೀಟರು ದೊಡ್ಡ ಟೈರಿನ ಮೇಲೆ 20ರ ಬದಲು 18.9 ತೋರಿಸ್ತದೆ.

ದೊಡ್ಡ ಟೈರ್ ಹಾಕಿದ ಮೇಲೆ "ಮೈಲೇಜ್ ಬಿದ್ದುಹೋಯ್ತು" ಅಂತ ಹೇಳೋರಿದ್ದಾರೆ. ಅದರ ಗುಟ್ಟೂ ಇಲ್ಲೇ ಇದೆ. ಗಾಡಿ ಒಂದು ಲೀಟರಿಗೆ ನಿಜವಾಗಿ 20 ಕಿ.ಮೀ. ಹೋಗಿದ್ದರೂ ಮೀಟರು 18.9 ಅಂತ ಹೇಳ್ತದೆ. ಪೆಟ್ರೋಲ್ ಎಲ್ಲೂ ಸೋರಿಲ್ಲ, ಸುತ್ತಿನ ಎಣಿಕೆ ಕಡಿಮೆಯಾಗಿದೆ.

ಎಂಜಿನ್ನಿನ ಕಷ್ಟ

ನೀರು ಸೇದುವ ರಾಟೆಯನ್ನು ನೆನಪು ಮಾಡಿಕೊಳ್ಳಿರಿ, ಅಥವಾ ಸೈಕಲ್ಲಿನ ಪೆಡಲ್. ತಿರುಗಿಸುವ ಸಾಮರ್ಥ್ಯಕ್ಕೆ ಟಾರ್ಕ್ ಅಂತಾರೆ. ಬಲವನ್ನು ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್ ಸಿಗ್ತದೆ. ಇದನ್ನೇ ತಿರುಗಿಸಿ ಬರೆದರೆ, ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ = ಟಾರ್ಕ್ ÷ ಚಕ್ರದ ತ್ರಿಜ್ಯ. ಎಂಜಿನ್ ಅದೇ, ಗೇರ್ ಅದೇ, ಆದ್ದರಿಂದ ಅಚ್ಚಿಗೆ ಬರುವ ಟಾರ್ಕ್ ಅದೇ. ತ್ರಿಜ್ಯ 1.057 ಪಟ್ಟು ಹೆಚ್ಚಾಗಿದೆ. ಹಾಗಾಗಿ ತಳ್ಳುವ ಬಲ 1.057ರಿಂದ ಭಾಗವಾಗಿ, ಶೇಕಡಾ 5.4ರಷ್ಟು ಇಳಿಯುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಇದು ಗೊತ್ತಾಗೋದಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ತೊಗರಿ ಚೀಲ ಹಾಕ್ಕೊಂಡು ಹಳ್ಳದ ದಂಡೆ ಏರುವಾಗ ಗೊತ್ತಾಗ್ತದೆ. ಮೊದಲು ಎರಡನೇ ಗೇರಿನಲ್ಲಿ ಏರುತ್ತಿದ್ದ ಗಾಡಿ ಈಗ ಒಂದನೇ ಗೇರ್ ಕೇಳ್ತದೆ, ಕ್ಲಚ್ ಸವೀತದೆ. ಸವೆದ ಹಳೇ ಎಂಜಿನ್ನಿಗೆ ಈ 5.4 ಸಣ್ಣ ಹೊರೆಯಲ್ಲ.

ಬ್ರೇಕಿನ ಲೆಕ್ಕ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿರಿ. ಟೈರ್ ಅಂಗಡಿಯಲ್ಲಿ ಯಾರೂ ಇದನ್ನು ಹೇಳೋದಿಲ್ಲ.

ಗಾಡಿ ನಿಲ್ಲಲು ಬೇಕಾದ ದೂರವನ್ನು ಚಲನೆಯ ಮೂರನೇ ಸಮೀಕರಣದಿಂದ ಕಂಡುಹಿಡಿಯಬಹುದು. ವೇಗದ ವರ್ಗವನ್ನು, ವೇಗ ಇಳಿಯುವ ದರದ ಎರಡರಷ್ಟರಿಂದ ಭಾಗಿಸಬೇಕು. ಮುಳ್ಳು 60ರಲ್ಲಿದೆ ಅಂದುಕೊಳ್ಳೋಣ. ಹಳೇ ಟೈರಿನ ಮೇಲೆ ನಿಜವಾದ ವೇಗವೂ 60, ಅಂದ್ರೆ ಸೆಕೆಂಡಿಗೆ 16.67 ಮೀಟರ್. ಚಾಲಕ ಬ್ರೇಕ್ ಒತ್ತಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ.ನಷ್ಟು ಇಳಿಯುತ್ತದೆ ಅಂತ ಇಟ್ಟುಕೊಂಡರೆ, ನಿಲ್ಲುವ ದೂರ 16.67 × 16.67 ÷ 10 = 27.8 ಮೀಟರ್.

ಈಗ ದೊಡ್ಡ ಟೈರು. ಮುಳ್ಳು ಅದೇ 60, ನಿಜವಾದ ವೇಗ 63.4, ಅಂದ್ರೆ ಸೆಕೆಂಡಿಗೆ 17.62 ಮೀಟರ್. ವೇಗ 1.057 ಪಟ್ಟು, ಆದ್ರೆ ಸಮೀಕರಣದಲ್ಲಿರೋದು ವೇಗದ ವರ್ಗ. ಅಂದ್ರೆ 1.057 × 1.057. ಇಷ್ಟಕ್ಕೇ ದೂರ 31 ಮೀಟರ್ ಆಯ್ತು.

ಇನ್ನೂ ಮುಗಿದಿಲ್ಲ. ಬ್ರೇಕು ಹಿಡಿಯೋದು ರಸ್ತೆಯನ್ನಲ್ಲ, ಅಚ್ಚಿನ ಹತ್ತಿರದ ಡಿಸ್ಕು ಅಥವಾ ಡ್ರಮ್ಮನ್ನು. ಅಲ್ಲಿ ಹುಟ್ಟುವುದೂ ಟಾರ್ಕೇ. ಎಂಜಿನ್ನಿಗೆ ಹೇಳಿದ ಸೂತ್ರ ಇಲ್ಲಿಗೂ ಸಲ್ಲುತ್ತದೆ: ಅದೇ ಕಾಲಿನ ಒತ್ತಿಗೆ ರಸ್ತೆಯ ಮೇಲೆ ಸಿಗುವ ತಡೆಯುವ ಬಲ 1.057ರಿಂದ ಭಾಗವಾಗ್ತದೆ. ವೇಗ ಇಳಿಯುವ ದರ 5ರಿಂದ 4.73ಕ್ಕೆ ಬಂತು. ಹಾಗಾಗಿ ದೂರ ಮತ್ತೊಮ್ಮೆ 1.057ರಿಂದ ಗುಣಿಸಬೇಕು. ಮೂರು ಸಲ ಆಯ್ತು. 1.057ರ ಘನ ಸುಮಾರು 1.18. ಅಂದ್ರೆ 27.8 ಮೀಟರ್ ಇದ್ದದ್ದು 32.8 ಮೀಟರ್!

ಟೈರಿನಲ್ಲಿ ಬದಲಾದದ್ದು ಶೇಕಡಾ 5.7. ನಿಲ್ಲುವ ದೂರದಲ್ಲಿ ಬದಲಾದದ್ದು ಶೇಕಡಾ 18. ಐದು ಮೀಟರ್ ಅಂದ್ರೆ ಎಷ್ಟು ಅಂತ ಶಾಲೆಯ ಅಂಗಳದಲ್ಲಿ ಟೇಪ್ ಹಿಡಿದು ನೋಡಿರಿ. ಮಾರುತಿ 800ರ ಉದ್ದವೇ 3.34 ಮೀಟರ್. ರಸ್ತೆ ಬದಿಯ ಶಾಲೆ ಬಿಟ್ಟಾಗ ದಾಟಲು ಅವಸರ ಮಾಡುವವರು ನೀವೇ. ಆ ಐದು ಮೀಟರಿನ ಒಳಗೆ ನಿಂತಿರುವವರೂ ನೀವೇ ಆಗಿರಬಹುದು.

ಚಾಲಕ ಇನ್ನಷ್ಟು ಜೋರಾಗಿ ಒತ್ತಿದರೆ ಕಳೆದುಕೊಂಡ ಬಲ ಸ್ವಲ್ಪ ವಾಪಸು ಬರ್ತದೆ, ಅದು ಸರಿ. ಆದ್ರೆ ವರ್ಷಗಟ್ಟಲೆ ಒಂದೇ ಗಾಡಿ ನಡೆಸಿದವರ ಕಾಲಿಗೆ ಒಂದು ಅಭ್ಯಾಸ ಕೂತಿರ್ತದೆ. ಇಷ್ಟು ಒತ್ತಿದರೆ ಇಷ್ಟರಲ್ಲಿ ನಿಲ್ತದೆ ಅನ್ನೋ ಆ ಅಂದಾಜು ಹಳೇ ಟೈರಿನದು.

ಅಗಲವಾದ ಟೈರಿಗೆ ಹಿಡಿತ ಹೆಚ್ಚೇ?

ಎತ್ತರ ಬೇಡ, ಅಗಲ ಹೆಚ್ಚಿಸಿದರೆ ಬ್ರೇಕ್ ಚೆನ್ನಾಗಿ ಹಿಡೀತದಲ್ಲ ಅಂತ ಕೆಲವರು ಕೇಳ್ತಾರೆ. ಘರ್ಷಣೆ ಪಾಠ ಓದಿದ ನೀವು "ಘರ್ಷಣೆ ತಾಗುವ ಕ್ಷೇತ್ರಫಲದ ಮೇಲೆ ಅವಲಂಬಿಸಿಲ್ಲ" ಅಂತ ಉತ್ತರ ಕೊಡಬಹುದು. ಅದು ಮರದ ತುಂಡು, ಮೇಜಿಗೆ ಸರಿ. ರಬ್ಬರು ಆ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸೋದಿಲ್ಲ. ಆದ್ರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಟೈರು ನೆಲಕ್ಕೆ ತಾಗಿರುವ ಜಾಗ ಎಷ್ಟು?

ಗಾಡಿಯ ಭಾರ ಹೊತ್ತಿರುವುದು ಮುಖ್ಯವಾಗಿ ಒಳಗಿನ ಗಾಳಿ. ಜನರೂ ಸೇರಿ ಗಾಡಿ 900 ಕಿಲೋ ಅಂದ್ರೆ ಒಂದೊಂದು ಚಕ್ರಕ್ಕೆ 225 ಕಿಲೋ, ಅಂದ್ರೆ ಸುಮಾರು 2205 ನ್ಯೂಟನ್. ಗಾಳಿಯ ಒತ್ತಡ 28 ಪೌಂಡ್ ಇದ್ದರೆ ಅದು 1,93,000 ಪಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ಕ್ಷೇತ್ರಫಲ ಬರ್ತದೆ: 0.0114 ಚದರ ಮೀಟರ್, ಅಂದ್ರೆ 114 ಚದರ ಸೆಂ.ಮೀ. ಒಂದು ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ಚಿಕ್ಕದು. ನಿಮ್ಮ ಇಡೀ ಕುಟುಂಬ ರಸ್ತೆಯನ್ನು ಹಿಡಿದುಕೊಂಡಿರೋದು ನಾಲ್ಕು ಪೋಸ್ಟ್ ಕಾರ್ಡುಗಳಿಂದ.

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ, ನೋಡಿದಿರಾ? ಅಗಲ ಹೆಚ್ಚಿಸಿದರೆ ಆ ಕಾರ್ಡು ಅಡ್ಡ ತಿರುಗುತ್ತದೆ, ಅಂದ್ರೆ ಆಕಾರ ಬದಲಾಗ್ತದೆ, ಕ್ಷೇತ್ರಫಲ ಹೆಚ್ಚುಕಡಿಮೆ ಅಷ್ಟೇ ಇರ್ತದೆ. ತಿರುವಿನಲ್ಲಿ ಆ ಆಕಾರದಿಂದ ಸ್ವಲ್ಪ ಲಾಭವಿದೆ. ಒದ್ದೆ ರಸ್ತೆಯಲ್ಲಿ ನಿಂತ ನೀರನ್ನು ಪಕ್ಕಕ್ಕೆ ತಳ್ಳಲು ಅಗಲವಾದ ಟೈರಿಗೆ ಹೆಚ್ಚು ಕಷ್ಟ. ಹಿಡಿತ ಬೇಕಾದರೆ ಅಗಲಕ್ಕಿಂತ ಮೊದಲು ನೋಡಬೇಕಾದದ್ದು ಟೈರಿನ ಗೀರುಗಳ ಆಳ. ಗೀರಿನ ತಳದಲ್ಲಿ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಂಡು ಇರ್ತದೆ. ಮೇಲ್ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವ ಮನೆಯವರು ಇನ್ನೊಂದನ್ನೂ ನೋಡಬೇಕು. ಪಕ್ಕೆಯಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರ್ತದೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳ ಇರಲಿ, ರಬ್ಬರು ಹಳೆಯದಾದರೆ ಗಡಸಾಗಿ ಬಿರುಕು ಬಿಡ್ತದೆ, ಹಿಡಿತ ಕಳೆದುಕೊಳ್ಳುತ್ತದೆ.

ಹಾಗಾದರೆ ಏನು ಮಾಡಬೇಕು?

ಟೈರಿನ ಸೈಜ್ ಬದಲಿಸಲೇಬಾರದು ಅಂತ ನಾನು ಹೇಳೋದಿಲ್ಲ. ಹಳೇ ಗಾಡಿಯ ಸೈಜು ಅಂಗಡಿಯಲ್ಲಿ ಸಿಗದೆ ಹೋಗಬಹುದು, ಬದಲಿಸದೆ ಗತಿ ಇರೋದಿಲ್ಲ. ವಾಹನ ತಿಳಿದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಅಂದ್ರೆ ಪೂರ್ಣ ವ್ಯಾಸದ ವ್ಯತ್ಯಾಸ ಶೇಕಡಾ 3ರ ಒಳಗೆ ಇರಲಿ ಅಂತ. 155/65 ಆರ್ 12 ಲೆಕ್ಕ ಹಾಕಿದರೆ ವ್ಯಾಸ 506.3 ಮಿ.ಮೀ. ಬರ್ತದೆ, ಮೂಲದ ಅಳತೆಗೆ ಹೆಚ್ಚುಕಡಿಮೆ ಸಮ. 155/70 ಆರ್ 12 ಆದರೆ 521.8, ಅಂದ್ರೆ ಶೇಕಡಾ 2.8 ಹೆಚ್ಚು, ಅಂಚಿನಲ್ಲಿದೆ. ಆಲ್ಟೋದ 145/80 ಆ ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ಆಲ್ಟೋಗೆ ಅದು ಸರಿಯಾದ ಟೈರೇ, ಯಾಕಂದ್ರೆ ಅದರ ಗೇರು, ಬ್ರೇಕು, ಮೀಟರು ಆ ಚಕ್ರಕ್ಕಾಗಿಯೇ ಲೆಕ್ಕ ಹಾಕಿ ಮಾಡಿದವು.

ಬದಲಿಸಿದರೆ ನಾಲ್ಕನ್ನೂ ಬದಲಿಸಬೇಕು, ಸ್ಟೆಪ್ನಿಯನ್ನೂ ಸೇರಿಸಿ. ಸ್ಟೆಪ್ನಿಯನ್ನು ಮರೆಯೋರೇ ಹೆಚ್ಚು. ಹಾದಿಯಲ್ಲಿ ಪಂಚರ್ ಆಗಿ ಮುಂದಿನ ಎಡಕ್ಕೆ ಹಳೇ ಸೈಜಿನ ಸ್ಟೆಪ್ನಿ ಹಾಕಿದರೆ ಒಂದೇ ಕಿಲೋಮೀಟರಿಗೆ ಎಡ ಚಕ್ರ 627 ಸುತ್ತು, ಬಲ ಚಕ್ರ 593 ಸುತ್ತು. ಎರಡರ ನಡುವಿನ ಡಿಫರೆನ್ಷಿಯಲ್ ಅನ್ನೋ ಗೇರ್ ಗುಂಪು ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದದ್ದು, ನೆಟ್ಟಗಿನ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿರ್ತದೆ. ಗಾಡಿ ಒಂದು ಪಕ್ಕಕ್ಕೆ ಎಳೀತದೆ. ಕಾನೂನಿನ ಮಾತೂ ಇದೆ. ಕಾರ್ಖಾನೆಯವರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದು ಅಂತ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಹೇಳುತ್ತದೆ.

ಇನ್ನು ತಳ ಬಡಿಯುವ ಮೂಲ ದೂರು. ಇಪ್ಪತ್ತು ವರ್ಷ ಭಾರ ಹೊತ್ತ ಗಾಡಿಯ ಸ್ಪ್ರಿಂಗು ಕುಗ್ಗಿರುತ್ತದೆ. ಗಾಡಿ ಹೊಸದಿದ್ದಾಗಿನ ಎತ್ತರದಲ್ಲಿ ಈಗ ಇರೋದಿಲ್ಲ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಅಂತ ಅಳೆಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ, ಅಥವಾ ಹಿಂಭಾಗ ಕುಸಿದಿದ್ದರೆ, ಕೆಟ್ಟಿರುವುದು ಟೈರಲ್ಲ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸರಿ ಮಾಡಿಸಿ ಅದೇ ಸೈಜಿನ ಹೊಸ ಟೈರ್ ಹಾಕಿಸಿದರೆ ಆ ಒಂದೂವರೆ ಸೆಂಟಿಮೀಟರು, ಬಹುಶಃ ಅದಕ್ಕಿಂತ ಹೆಚ್ಚೂ, ಬ್ರೇಕನ್ನಾಗಲಿ ಮುಳ್ಳನ್ನಾಗಲಿ ಕೆಡಿಸದೆ ಸಿಗಬಹುದು. ಮನೆಯಲ್ಲಿ ದೊಡ್ಡವರು ಟೈರಿಗೆ ದುಡ್ಡು ಹೊಂದಿಸ್ತಿರುವಾಗ ಈ ಅಳತೆಯ ಕಾಗದ ಅವರ ಕೈಗೆ ಕೊಡಿರಿ. "ನೀನ್ಯಾಕೆ ನಡುವೆ ಬಾಯಿ ಹಾಕ್ತೀ" ಅಂತ ಅಂದರೂ ಅಂಕಿಗಳನ್ನು ಒಂದು ಸಲ ನೋಡ್ತಾರೆ.

ನೀವೇ ಮಾಡಿ ನೋಡಿರಿ

1. ಸೈಕಲ್ಲಿನ ಟೈರಿಗೂ ಅದರ ಕೆಳಗಿನ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿರಿ. ಗೆಳೆಯರೊಬ್ಬರು ಸೀಟಿನ ಮೇಲೆ ಕೂತಿರಲಿ, ಇನ್ನಿಬ್ಬರು ಹಿಡಿದು ನೆಟ್ಟಗೆ ಮೂರು ಸುತ್ತು ತಳ್ಳಿರಿ. ದೂರ ಅಳೆದು ಮೂರರಿಂದ ಭಾಗಿಸಿರಿ. ಈಗ ಸೀಟು ಖಾಲಿ ಇಟ್ಟು ಅದನ್ನೇ ಮಾಡಿರಿ. ಎರಡೂ ಉತ್ತರ ಒಂದೇ ಬರೋದಿಲ್ಲ. ಯಾಕೆ? (ಸುಳಿವು: ಭಾರ ಬಿದ್ದಾಗ ಅಚ್ಚಿನಿಂದ ನೆಲಕ್ಕೆ ಇರುವ ದೂರ.) ಗಾಳಿ ಅರ್ಧ ಇಳಿಸಿ ಮೂರನೇ ಸಲವೂ ಅಳೆಯಿರಿ.

2. ಮಾರುತಿ ಝೆನ್ ಟೈರು 145/70 ಆರ್ 13. ಇದರ ರಿಮ್ ಸಮೇತ ಮಾರುತಿ 800ಕ್ಕೆ ಹಾಕಿದರೆ ಮುಳ್ಳು 60 ತೋರಿಸುವಾಗ ನಿಜವಾದ ವೇಗ ಎಷ್ಟು? ನಿಲ್ಲುವ ದೂರ ಶೇಕಡಾ ಎಷ್ಟು ಹೆಚ್ಚಾಗ್ತದೆ?

3. ಹಳೇ ಸ್ಪ್ಲೆಂಡರ್ ಬೈಕಿನ ಟೈರಿನ ಮೇಲೆ 2.75-18 ಅಂತ ಇರ್ತದೆ. ಇಲ್ಲಿ ಎರಡೂ ಇಂಚು, ಶೇಕಡಾ ಸಂಖ್ಯೆ ಇಲ್ಲ. ಅಂಥ ಟೈರಿನಲ್ಲಿ ಪಕ್ಕೆಯ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಅಂತ ತಿಳಿಯಿರಿ. ಹಿಂದಿನ ಚಕ್ರಕ್ಕೆ 3.00-18 ಹಾಕಿಸಿದರೆ ಅನುಪಾತ ಎಷ್ಟು? ಅದು ಶೇಕಡಾ 3ರ ಮಿತಿಯೊಳಗೆ ಬರ್ತದೆಯೇ?

4. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ 13.6-28 ಎಂಬಂಥ ಸಂಖ್ಯೆ ಇರ್ತದೆ. ಹೊಲದಲ್ಲಿ ನಿಂತ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಪರಿಧಿಯನ್ನು ದಾರ ಸುತ್ತಿ ಅಳೆಯಿರಿ, ಮುಂದಿನದನ್ನೂ ಅಳೆಯಿರಿ. ಹಿಂದಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ತಿರುಗುತ್ತದೆ? ಅಳೆಯುವ ಮೊದಲು ಚಾಲಕರಿಗೆ ಹೇಳಿ, ಎಂಜಿನ್ ಬಂದ್ ಇದೆ ಅಂತ ಖಾತ್ರಿ ಮಾಡಿಕೊಳ್ಳಿರಿ.